ಸೌಂಡ್‌ಬಾರ್ ತಂದರೂ ಸದ್ದು ಹಿಂದಿನಿಂದ ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮದು ಉಡುಪಿಯ ಸಂತೆಕಟ್ಟೆ ಹತ್ತಿರ ಹೊಸ ತಾರಸಿ ಮನೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ಟಿವಿ ಅಗಲದ ಗೋಡೆಯಲ್ಲಿದೆ. ಅದರ ಎಡಕ್ಕೆ ಕಿಟಕಿ, ದಪ್ಪ ಕರ್ಟನ್. ಬಲಕ್ಕೆ ಗೋಡೆಯಿಲ್ಲ, ಡೈನಿಂಗ್ ಕಡೆಗೆ ತೆರೆದಿದೆ. ಸೋಫಾ ಎದುರಿನ ಗೋಡೆಗೆ ತಾಗಿಕೊಂಡಿದೆ. ಮಂಗಳೂರಿನ ಒಂದು ಶೋರೂಮ್‌ನಲ್ಲಿ ಕೇಳಿ ಮೆಚ್ಚಿ 3.1.2 ಡಾಲ್ಬಿ ಅಟ್ಮಾಸ್ (ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ತಂತ್ರ) ಸೌಂಡ್‌ಬಾರ್ ತಂದೆವು. ಅಲ್ಲಿ ಮಳೆ ತಲೆಯ ಮೇಲೆಯೇ ಸುರಿದ ಹಾಗಿತ್ತು. ಮನೆಯಲ್ಲಿ ಎಲ್ಲ ಸದ್ದೂ ಟಿವಿಯ ಕಡೆಯಿಂದಲೇ ಬರುತ್ತದೆ. ಆಪ್ಟಿಕಲ್ ಕೇಬಲ್ ಹಾಕಿ ಜೋಡಿಸಿ ಹೋಗಿದ್ದಾರೆ. ಇದಕ್ಕಿಂತ ದೊಡ್ಡ ಬಾರ್ ಬೇಕಾ? ಅಥವಾ ಇದನ್ನು ಕಾರ್ಕಳದ ನಮ್ಮ ಹಂಚಿನ ಮನೆಗೆ ಕೊಟ್ಟುಬಿಡಲಾ? ಅಲ್ಲಿ ಚಾವಡಿ ದೊಡ್ಡದಿದೆ.

ಉತ್ತರ: ದೊಡ್ಡ ಬಾರ್ ತೆಗೆದುಕೊಳ್ಳಬೇಡಿ. ಇದನ್ನು ಕಾರ್ಕಳಕ್ಕೂ ಕಳುಹಿಸಬೇಡಿ. ಹಂಚಿನ ಮಾಡಿನ ಕೆಳಗೆ ಅದು ಇನ್ನಷ್ಟು ಸೋಲುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ. ಒಂದನ್ನು ಇವತ್ತು ಸಂಜೆಯೇ ಸರಿ ಮಾಡಬಹುದು. ಇನ್ನೊಂದು ಯಾವ ಸೆಟ್ಟಿಂಗ್‌ನಿಂದಲೂ ಸರಿಯಾಗದು, ಯಾಕೆಂದರೆ ನೀವು ತಂದ ಪೆಟ್ಟಿಗೆಯಲ್ಲಿ ಹಿಂದಿನ ಸ್ಪೀಕರೇ ಇಲ್ಲ.

ಮೊದಲು ಕೇಬಲ್. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಎರಡು ಚಾನೆಲ್‌ಗಳ ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಸದ್ದು), ಇಲ್ಲವೇ ಕುಗ್ಗಿಸಿದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದ 5.1, ಅಂದರೆ ಮುಂದೆ ಮೂರು, ಹಿಂದೆ ಎರಡು ಚಾನೆಲ್ ಮತ್ತು ಬಾಸ್‌ಗೆ ಒಂದು ಸಬ್‌ವೂಫರ್. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋದಂಥ ಆ್ಯಪ್‌ಗಳು ಅಟ್ಮಾಸ್ ಸದ್ದನ್ನು ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ ಕಳುಹಿಸುತ್ತವೆ. ಅದು ಆಪ್ಟಿಕಲ್‌ನಲ್ಲಿ ಹೋಗುವುದೇ ಇಲ್ಲ. ಹಾಗಾಗಿ ಟಿವಿ ಅದನ್ನು ಸಾದಾ 5.1ಕ್ಕೋ, ಸ್ಟೀರಿಯೋಗೋ ಇಳಿಸಿ ಬಾರ್‌ಗೆ ಕೊಡುತ್ತದೆ. ಅಂದರೆ ನಿಮ್ಮ ಬಾರ್‌ನ ಮೇಲ್ಮುಖದ ಎರಡು ಸ್ಪೀಕರ್‌ಗಳಿಗೆ ಅವುಗಳ ಪಾಲಿನ ಸದ್ದು ಇಷ್ಟು ದಿನ ಮುಟ್ಟಿಯೇ ಇಲ್ಲ. ಬ್ಲೂಟೂತ್‌ನಲ್ಲಿ ಟಿವಿಗೆ ಜೋಡಿಸಿದವರ ಸ್ಥಿತಿಯೂ ಇದೇ. ಅದರಲ್ಲಿ ಬರುವುದು ಸ್ಟೀರಿಯೋ ಮಾತ್ರ.

ಟಿವಿಯ ಹಿಂದೆ ಎಚ್‌ಡಿಎಂಐ ಪೋರ್ಟ್‌ಗಳು ಮೂರು ನಾಲ್ಕು ಇದ್ದರೂ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದಿರುತ್ತದೆ. ಟಿವಿಯ ಸದ್ದನ್ನು ಬಾರ್‌ಗೆ ಕಳುಹಿಸುವ ದಾರಿ ಎಆರ್‌ಸಿ, ಅದರ ಸುಧಾರಿತ ರೂಪ ಇಎಆರ್‌ಸಿ. ಬಾರ್‌ನ ಎಚ್‌ಡಿಎಂಐ ಕೇಬಲ್ ಅದಕ್ಕೇ ಹೋಗಬೇಕು. ಬಾರ್ ಕಡೆಯಲ್ಲೂ ಅದೇ ಹೆಸರಿನ ಪೋರ್ಟ್ ಹುಡುಕಿ. ಆಮೇಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ (ಎಚ್‌ಡಿಎಂಐಯಲ್ಲಿ ಜೋಡಿಸಿದ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ) ಆನ್ ಮಾಡಬೇಕು. ಎಲ್‌ಜಿಯಲ್ಲಿ ಅದರ ಹೆಸರು ಸಿಂಪ್‌ಲಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ಇನ್ನೂ ಒಂದು ಹೆಜ್ಜೆ ಇದೆ, ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ. ಸೌಂಡ್ ಮೆನುವಿನೊಳಗೆ ಡಿಜಿಟಲ್ ಆಡಿಯೋ ಔಟ್‌ಪುಟ್ ಎಂಬ ಆಯ್ಕೆ ಇರುತ್ತದೆ. ಅದು ‘ಪಿಸಿಎಂ’ನಲ್ಲಿದ್ದರೆ ಎಆರ್‌ಸಿ ದಾರಿಯಲ್ಲೂ ಎರಡೇ ಚಾನೆಲ್ ಬರುತ್ತದೆ. ಅದನ್ನು ‘ಪಾಸ್ ಥ್ರೂ’ ಅಥವಾ ‘ಆಟೋ’ಗೆ ಬದಲಿಸಿ. ಕೆಲವು ಟಿವಿಗಳಲ್ಲಿ ಅದನ್ನೇ ‘ಬಿಟ್‌ಸ್ಟ್ರೀಮ್’ ಎನ್ನುತ್ತಾರೆ.

ನಿಮ್ಮ ಟಿವಿಯಲ್ಲಿ ಇಎಆರ್‌ಸಿ ಇಲ್ಲದಿದ್ದರೆ ಚಿಂತೆ ಬೇಡ. ಆ್ಯಪ್‌ಗಳ ಅಟ್ಮಾಸ್‌ಗೆ ಎಆರ್‌ಸಿ ಸಾಕು. ಟಿವಿ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನು ಮುಂದಕ್ಕೆ ಬಿಡುವಂತಿದ್ದರೆ ಆಯಿತು. ಬ್ಲೂರೇ ಡಿಸ್ಕ್‌ನ ಟ್ರೂಎಚ್‌ಡಿ (ಡಾಲ್ಬಿಯ ಗುಣಮಟ್ಟ ಕುಂದದ ರೂಪ) ಸದ್ದಿಗೆ, ಗೇಮ್ ಕನ್ಸೋಲ್‌ನ ಬಹುಚಾನೆಲ್ ಪಿಸಿಎಂಗೆ ಇಎಆರ್‌ಸಿ ಬೇಕಾಗುತ್ತದೆ. ಅದಕ್ಕಾಗಿ ಹೊಸ ಟಿವಿ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಇಷ್ಟು ಮಾಡಿ ಅಟ್ಮಾಸ್ ಇರುವ ಸಿನಿಮಾ ಒಂದನ್ನು ಹಾಕಿ, ಬಾರ್‌ನ ಡಿಸ್‌ಪ್ಲೇ ಅಥವಾ ಅದರ ಆ್ಯಪ್ ಏನು ತೋರಿಸುತ್ತದೆ ನೋಡಿ. ಅಟ್ಮಾಸ್ ಎಂದು ಬಂದರೆ ಸದ್ದು ಮುಟ್ಟಿದೆ. ಬರದಿದ್ದರೆ ಆ್ಯಪ್ ಕಡೆ ತಿರುಗಿ. ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಸಿಗುವುದು ಪ್ರೀಮಿಯಂ ಪ್ಲಾನ್‌ನವರಿಗೆ ಮಾತ್ರ. ನಮ್ಮ ಊರಿನವರು ಗಮನಿಸಬೇಕಾದ ಇನ್ನೊಂದು ವಿಷಯವೂ ಇದೆ. ಒಂದೇ ಸಿನಿಮಾದ ಬೇರೆ ಬೇರೆ ಭಾಷೆಯ ಟ್ರ್ಯಾಕ್‌ಗಳು ಒಂದೇ ಗುಣಮಟ್ಟದಲ್ಲಿ ಇರಬೇಕೆಂದಿಲ್ಲ. ಮೂಲ ಭಾಷೆಯಲ್ಲಿ ಅಟ್ಮಾಸ್ ಇದ್ದು, ಕನ್ನಡ ಡಬ್ಬಿಂಗ್ ಬರೀ ಸ್ಟೀರಿಯೋ ಆಗಿರಬಹುದು. ಆಡಿಯೋ ಮೆನುವಿನಲ್ಲಿ ಭಾಷೆಯ ಮುಂದೆ 5.1 ಅಥವಾ ಅಟ್ಮಾಸ್ ಎಂಬ ಗುರುತು ಇದೆಯೇ ಎಂದು ನೋಡಿಕೊಳ್ಳಿ. ಟಿವಿ ಚಾನೆಲ್‌ಗಳಲ್ಲಿ, ಯೂಟ್ಯೂಬ್‌ನಲ್ಲಿ ಬರುವುದು ಹೆಚ್ಚಾಗಿ ಸ್ಟೀರಿಯೋ. ಅದನ್ನು ಬಾರ್ ತನ್ನ ಲೆಕ್ಕಾಚಾರದಿಂದ ಸುತ್ತಲೂ ಹರಡಬಲ್ಲದು, ಆದರೆ ಮೂಲದಲ್ಲಿ ಇಲ್ಲದ್ದನ್ನು ಹುಟ್ಟಿಸಲಾರದು. ವಾರ್ತೆ ನೋಡುವಾಗ ಸರೌಂಡ್ ಪರೀಕ್ಷಿಸಬೇಡಿ.

ಇನ್ನು ಎರಡನೆಯ ತೊಂದರೆಗೆ ಬರೋಣ. ಸೌಂಡ್‌ಬಾರ್‌ನ ಪೆಟ್ಟಿಗೆಯ ಮೇಲಿನ ಅಂಕೆಗಳಲ್ಲಿ ಮೊದಲನೆಯದು ಕಿವಿಯ ಮಟ್ಟದ ಚಾನೆಲ್‌ಗಳು, ಎರಡನೆಯದು ಸಬ್‌ವೂಫರ್, ಮೂರನೆಯದು ಎತ್ತರದ ಚಾನೆಲ್‌ಗಳು. ನಿಮ್ಮ 3.1.2ರಲ್ಲಿ ಮೊದಲಿನ ಮೂರು ಎಂದರೆ ಎಡ, ನಡು, ಬಲ. ಮೂರೂ ಮುಂದೆಯೇ ಇವೆ. ಹಿಂದಿನ ಎಡ, ಹಿಂದಿನ ಬಲ ಎಂಬ ಎರಡು ಚಾನೆಲ್‌ಗಳು ಈ ಲೆಕ್ಕದಲ್ಲಿಯೇ ಇಲ್ಲ. ಸಿನಿಮಾ ಮಂದಿರಗಳಿಗೆ ಡಾಲ್ಬಿ ಡಿಜಿಟಲ್ 5.1 ಬಂದದ್ದು 1992ರಲ್ಲಿ. ಪ್ರೇಕ್ಷಕನನ್ನು ಸುತ್ತುವರಿಯುವ ಕೆಲಸವನ್ನು ಅಂದಿನಿಂದ ಆ ಹಿಂದಿನ ಎರಡು ಚಾನೆಲ್‌ಗಳೇ ಮಾಡುತ್ತ ಬಂದಿವೆ. ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ, 2014ರಲ್ಲಿ ಮನೆಗೆ ಬಂದು ಎತ್ತರವನ್ನು ಸೇರಿಸಿತೇ ಹೊರತು ಹಿಂದಿನ ಸ್ಪೀಕರ್ ಬೇಡ ಎಂದು ಹೇಳಲಿಲ್ಲ. ಮಾರುವಾಗ ಮಾತ್ರ ‘ಅಟ್ಮಾಸ್’ ಎಂಬ ಒಂದು ಪದ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ, ಯಾಕೆಂದರೆ ದುಡ್ಡು ಕೂಡಿಟ್ಟು ಕೊಂಡವರು ಮನೆಗೆ ಬಂದು ತಮ್ಮ ಕಿವಿಯನ್ನೇ ಸಂಶಯಿಸುತ್ತಾರೆ. ನಿಮ್ಮ ಕಿವಿ ಸರಿಯಾಗಿಯೇ ಇದೆ.

ಹಿಂದೆ ಸ್ಪೀಕರ್ ಇಲ್ಲದೆ ಹಿಂದಿನ ಸದ್ದು ಕೊಡಲು ಬಾರ್‌ಗಳಿಗೆ ಎರಡು ದಾರಿಗಳಿವೆ. ಒಂದು, ಸದ್ದನ್ನು ಪಕ್ಕದ ಗೋಡೆಗೂ ಸೀಲಿಂಗಿಗೂ ಹೊಡೆದು ಅಲ್ಲಿಂದ ನಿಮ್ಮತ್ತ ತಿರುಗಿಸುವುದು. ಕನ್ನಡಿಗೆ ಟಾರ್ಚ್ ಬಿಟ್ಟು ಬೆಳಕನ್ನು ಮೂಲೆಗೆ ತಿರುಗಿಸುವ ಹಾಗೆ. ಇದಕ್ಕೆ ಎರಡೂ ಬದಿ ಗಟ್ಟಿಯಾದ, ಬರಿದಾದ, ಹೆಚ್ಚು ಕಡಿಮೆ ಒಂದೇ ದೂರದ ಗೋಡೆ ಬೇಕು. ನಿಮ್ಮ ಹಾಲ್‌ನಲ್ಲಿ ಎಡಕ್ಕೆ ಕರ್ಟನ್ ಸದ್ದನ್ನು ಹೀರುತ್ತದೆ, ಬಲಕ್ಕೆ ಹೋದ ಸದ್ದು ಡೈನಿಂಗ್ ಟೇಬಲ್ ದಾಟಿ ಅಡುಗೆಮನೆಗೆ ಹೋಗುತ್ತದೆ. ತಿರುಗಿ ಬರಲು ಅಲ್ಲಿ ಏನೂ ಇಲ್ಲ. ಇವತ್ತು ಮಣಿಪಾಲದಿಂದ ಕದ್ರಿಯವರೆಗೆ ಕಟ್ಟುವ ಹೆಚ್ಚಿನ ಮನೆ, ಫ್ಲ್ಯಾಟ್‌ಗಳಲ್ಲಿ ಹಾಲ್ ಮತ್ತು ಡೈನಿಂಗ್ ಹೀಗೆ ಸೇರಿಕೊಂಡೇ ಇರುವುದರಿಂದ ಈ ದಾರಿ ನಮ್ಮಲ್ಲಿ ಅಪರೂಪಕ್ಕೆ ಫಲ ಕೊಡುತ್ತದೆ.

ಎರಡನೆಯದು ಕಿವಿಯನ್ನೇ ನಂಬಿಸುವ ದಾರಿ, ‘ವರ್ಚುವಲ್ ಸರೌಂಡ್’. ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಎಷ್ಟು ತಡವಾಗಿ ಮುಟ್ಟಿತು ಎಂಬುದರಿಂದ ನಾವು ಎಡ ಬಲ ತಿಳಿಯುತ್ತೇವೆ. ಪೂರ್ತಿ ಪಕ್ಕದಿಂದ ಬಂದಾಗಲೂ ಆ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ, ಸುಮಾರು 0.7 ಮಿಲಿಸೆಕೆಂಡ್. ಮುಂದೆಯೋ ಹಿಂದೆಯೋ ಮೇಲೆಯೋ ಎಂದು ತಿಳಿಯಲು ಕಿವಿಯ ಹಾಲೆಯ ಮಡಿಕೆಗಳು ತಾರ ಸ್ವರಗಳನ್ನು ಬದಲಿಸುವ ರೀತಿ ನೆರವಾಗುತ್ತದೆ. ಅದೂ ಸಾಲದಿದ್ದರೆ ತಲೆ ತಿರುಗಿಸುತ್ತೇವೆ. ರಾತ್ರಿ ಎಲ್ಲೋ ದೂರದ ಗದ್ದೆಯಲ್ಲಿ ಯಕ್ಷಗಾನದ ಆಟ ನಡೆಯುವಾಗ ಚೆಂಡೆಯ ಸದ್ದು ಯಾವ ದಿಕ್ಕಿನದೆಂದು ಗೊತ್ತಾಗದೆ ಅಂಗಳದಲ್ಲಿ ನಿಂತು ಮುಖ ಆಚೀಚೆ ಮಾಡಿದ ಅನುಭವ ನಮ್ಮ ಕಡೆಯ ಎಲ್ಲರಿಗೂ ಇದೆ. ಬಾರ್‌ನೊಳಗಿನ ಚಿಪ್ ಈ ಅಂತರವನ್ನೂ ಬದಲಾವಣೆಯನ್ನೂ ಲೆಕ್ಕ ಹಾಕಿ ನಕಲು ಮಾಡುತ್ತದೆ. ಆದರೆ ಅದು ಲೆಕ್ಕ ಹಾಕುವುದು ಸರಾಸರಿ ಕಿವಿಗೆ, ನಿಮ್ಮ ಕಿವಿಗೆ ಅಲ್ಲ. ಬಾರ್‌ನ ನೇರ ನಡುವಿನಲ್ಲಿ ಕೂತು ತಲೆ ಅಲುಗಿಸದವರಿಗೆ ಅದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ತಲೆ ತಿರುಗಿಸಿದ ಕ್ಷಣ ಮಿದುಳಿಗೆ ಸದ್ದಿನ ನಿಜವಾದ ಜಾಗ ಗೊತ್ತಾಗಿಬಿಡುತ್ತದೆ. ಸೋಫಾದ ಎರಡು ತುದಿಯಲ್ಲಿ ಕೂತವರಿಗಂತೂ ಏನೂ ಇಲ್ಲ.

ಶೋರೂಮ್‌ನಲ್ಲಿ ಮಳೆ ಯಾಕೆ ಸುರಿಯಿತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಡೆಮೋ ಕೋಣೆ ಸಾಮಾನ್ಯವಾಗಿ ಚಿಕ್ಕದು, ಎರಡೂ ಕಡೆ ಗೋಡೆ ಇರುತ್ತದೆ, ಕುರ್ಚಿ ನಡುವಿನಲ್ಲಿ ಹತ್ತಿರಕ್ಕೆ ಇಟ್ಟಿರುತ್ತಾರೆ, ಹಾಕುವ ವಿಡಿಯೋ ಎತ್ತರದ ಸದ್ದನ್ನು ತೋರಿಸಲೆಂದೇ ಮಾಡಿದ್ದು. ನಿಮಗೆ ಯಾರೂ ಸುಳ್ಳು ಕೇಳಿಸಲಿಲ್ಲ, ಬೇರೆ ಕೋಣೆಯನ್ನು ಕೇಳಿಸಿದರು.

ಎತ್ತರದ ಸದ್ದನ್ನು ನಿಮ್ಮ ಮನೆಯಲ್ಲೂ ಪಡೆಯಬಹುದು. ಮೇಲ್ಮುಖದ ಸ್ಪೀಕರ್‌ಗಳಿಗೆ ಡಾಲ್ಬಿ ಹೇಳುವ ಸೀಲಿಂಗ್ ಎತ್ತರ ಏಳೂವರೆಯಿಂದ 12 ಅಡಿ. ಅದು ಸಮತಟ್ಟಾಗಿರಬೇಕು, ಗಟ್ಟಿಯಾಗಿರಬೇಕು. ತಾರಸಿಯ ಸ್ಲ್ಯಾಬ್, ಜಿಪ್ಸಂ ಫಾಲ್ಸ್ ಸೀಲಿಂಗ್ ಎರಡೂ ಆಗುತ್ತದೆ. ಬಾರ್ ಟಿವಿ ಯೂನಿಟ್‌ನ ಖಾನೆಯೊಳಗೆ ಕೂತಿದ್ದರೆ ಮಾತ್ರ ಎಲ್ಲ ವ್ಯರ್ಥ. ಅದರ ನೆತ್ತಿಯ ಮೇಲೆ ಹಲಗೆ ಇರಬಾರದು. ಯೂನಿಟ್‌ನ ಮೇಲೆ, ಮುಂದಿನ ಅಂಚಿಗೆ ತಂದು ಇಡಿ. ಟಿವಿಯ ಕೆಳಗಿನ ತುದಿಯೂ ಅದನ್ನು ಮುಚ್ಚದಿರಲಿ.

ಈಗ ಸೋಫಾ. ನನ್ನ ಮಟ್ಟಿಗೆ ನಿಮ್ಮ ಹಾಲ್‌ನ ಕೀಲಿಕೈ ಇರುವುದು ಇಲ್ಲಿ. ಗೋಡೆಗೆ ತಾಗಿದ ಸೋಫಾದಲ್ಲಿ ಕೂತವರ ತಲೆ ಬಾರ್‌ನಿಂದ ಸುಮಾರು 14 ಅಡಿ ದೂರದಲ್ಲಿರುತ್ತದೆ. ಸೀಲಿಂಗಿಗೆ ತಾಗಿ ಇಳಿಯುವ ಸದ್ದು ಒಂಬತ್ತು ಹತ್ತು ಅಡಿ ದೂರದಲ್ಲಿ ಕೂತವರಿಗೆ ಸಿಗುವಷ್ಟು ಅಲ್ಲಿಗೆ ಸಿಗುವುದಿಲ್ಲ. ತಲೆಯ ಹಿಂದೆಯೇ ಗೋಡೆ ಇರುವುದರಿಂದ ಮುಂದಿನ ಸದ್ದು ಅದಕ್ಕೆ ತಾಗಿ ತಕ್ಷಣ ಮರಳಿ ಕಿವಿಗೆ ಬೀಳುತ್ತದೆ, ಬಾಸ್ ಅಲ್ಲಿ ಗುಂಯ್‌ಗುಡುತ್ತದೆ. ಸೋಫಾವನ್ನು ನಾಲ್ಕಡಿ ಮುಂದಕ್ಕೆ ತಂದರೆ ಮೇಲಿನ ಸದ್ದು ಕೇಳಿಸತೊಡಗುತ್ತದೆ, ಮಾತು ಸ್ಪಷ್ಟವಾಗುತ್ತದೆ, ಹಿಂದಿನ ಸ್ಪೀಕರ್‌ಗಳಿಗೆ ಜಾಗವೂ ಹುಟ್ಟುತ್ತದೆ. ಹಾಲ್ ಇಕ್ಕಟ್ಟಾಯಿತು ಎಂದು ಮನೆಯಲ್ಲಿ ಹೇಳುವವರಿರುತ್ತಾರೆ. ಸಿನಿಮಾ ನೋಡುವಾಗ ಮಾತ್ರ ಎಳೆದುಕೊಳ್ಳುವಂತೆ ಸೋಫಾದ ಕಾಲಿಗೆ ಫೆಲ್ಟ್ ಪ್ಯಾಡ್ ಅಂಟಿಸಿ. ನಾಲ್ಕಡಿ ಆಗದಿದ್ದರೆ ಎರಡಡಿ ಆದರೂ ಬಿಡಿ.

ಮುಂದೆ ಹಿಂದಿನ ಸ್ಪೀಕರ್‌ಗಳು. ನಿಮ್ಮ ಬಾರ್‌ನ ಮಾದರಿಗೆ ಅದೇ ಕಂಪನಿಯವರು ವೈರ್‌ಲೆಸ್ ರಿಯರ್ ಕಿಟ್ ಕೊಡುತ್ತಾರೆಯೇ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಇದ್ದರೆ ಅದನ್ನೇ ತೆಗೆದುಕೊಳ್ಳಿ, ಬೇರೆ ಏನೂ ಬೇಡ. ಬೇರೆ ಕಂಪನಿಯದು ಕೂಡುವುದಿಲ್ಲ. ಮನೆಯಲ್ಲಿರುವ ಬ್ಲೂಟೂತ್ ಸ್ಪೀಕರನ್ನು ಹಿಂದೆ ಇಟ್ಟರಾಗದೇ ಎಂದು ತುಂಬ ಜನ ಕೇಳುತ್ತಾರೆ. ಆಗದು. ಬ್ಲೂಟೂತ್‌ನಲ್ಲಿ ಸದ್ದು ಸಾಮಾನ್ಯವಾಗಿ ನೂರು ಇನ್ನೂರು ಮಿಲಿಸೆಕೆಂಡ್ ತಡವಾಗುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಹಿಡಿಯುವುದು ಸುಮಾರು ಮೂರು ಮಿಲಿಸೆಕೆಂಡ್. ಅಂದರೆ ಆ ಸ್ಪೀಕರ್ ಮೂವತ್ತು ಮೀಟರ್‌ಗಿಂತ ಆಚೆ, ನೆರೆಮನೆಯ ಅಂಗಳದಲ್ಲಿ ಇದ್ದಂತಾಯಿತು. ಸರೌಂಡ್ ಆಗುವ ಬದಲು ಪ್ರತಿಧ್ವನಿ ಆಗುತ್ತದೆ. ಮೇಲಾಗಿ ಅದಕ್ಕೆ ಹಿಂದಿನ ಚಾನೆಲ್‌ನ ಸದ್ದು ಸಿಗುವುದೂ ಇಲ್ಲ.

ರಿಯರ್ ಕಿಟ್ ಇಲ್ಲದ ಮಾದರಿಯಾದರೆ ಇದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹಿಂದಿನ ಎರಡು ಸ್ಪೀಕರ್ ಪೆಟ್ಟಿಗೆಯಲ್ಲೇ ಬರುವ 5.1 ಸೆಟ್ ತೆಗೆದುಕೊಳ್ಳಿ. ಅದರಲ್ಲಿ ಅಟ್ಮಾಸ್ ಇಲ್ಲದಿದ್ದರೂ ಪರವಾಗಿಲ್ಲ. ಇದನ್ನು ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ನಿಜವಾದ ಹಿಂದಿನ ಸ್ಪೀಕರ್ ಇರುವ ಸಾದಾ 5.1, ಹಿಂದೆ ಏನೂ ಇಲ್ಲದ ದುಬಾರಿ ಅಟ್ಮಾಸ್ ಬಾರ್‌ಗಿಂತ ಕೋಣೆಯನ್ನು ಹೆಚ್ಚು ತುಂಬುತ್ತದೆ, ಅದೂ ಸೋಫಾದ ಮೂರೂ ಜನರಿಗೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡೂ ಬೇಕೆಂದರೆ 5.1.2 ಅಥವಾ ಮೇಲಿನದು ನೋಡಿ, ಆದರೆ ಮೊದಲ ಅಂಕೆಯಲ್ಲಿ ಸೇರಿಸಿದ ಹಿಂದಿನ ಚಾನೆಲ್‌ಗಳು ಬೇರೆ ಪೆಟ್ಟಿಗೆಯಾಗಿ ಬರುತ್ತವೆಯೇ ಅಥವಾ ಬಾರ್‌ನ ಎರಡು ತುದಿಯ ಸ್ಪೀಕರ್‌ಗಳನ್ನೇ ಹಾಗೆ ಎಣಿಸಿದ್ದಾರೆಯೇ ಎಂದು ಅಂಗಡಿಯಲ್ಲೇ ಬಿಚ್ಚಿ ನೋಡಿ.

ವೈರ್‌ಲೆಸ್ ಎಂದಾಗ ಸದ್ದಿಗೆ ವೈರ್ ಬೇಡ ಎಂದಷ್ಟೇ ಅರ್ಥ, ಕರೆಂಟಿಗೆ ಬೇಕೇ ಬೇಕು. ನಮ್ಮ ಮನೆಗಳಲ್ಲಿ ಸೋಫಾದ ಹಿಂದೆ ಪ್ಲಗ್ ಪಾಯಿಂಟ್ ಇರುವುದು ಅಪರೂಪ, ಎಲೆಕ್ಟ್ರಿಷಿಯನ್‌ರನ್ನು ಮೊದಲೇ ಕರೆಸಿ. ಜೆಬಿಎಲ್ ಬಾರ್ 1000ರಲ್ಲಿ ಬಾರ್‌ನ ಎರಡು ತುದಿಗಳನ್ನೇ ಕಳಚಿ ಹಿಂದೆ ಇಡಬಹುದು, ಅವು ಬ್ಯಾಟರಿಯಲ್ಲಿ ನಡೆಯುತ್ತವೆ. ನೋಡಿ ಮುಗಿದ ಮೇಲೆ ಮತ್ತೆ ಬಾರ್‌ಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ. ಗೋಡೆ ಒಡೆಯಲು ಮನಸ್ಸಿಲ್ಲದವರಿಗೆ, ಬಾಡಿಗೆ ಮನೆಯವರಿಗೆ ಆ ಬಗೆ ಒಳ್ಳೆಯದು, ಬೆಲೆ ಮಾತ್ರ ಹೆಚ್ಚು.

ಇಡುವ ಜಾಗದ ಬಗ್ಗೆ: ಟಿವಿಯ ನಡುವನ್ನು ಸೊನ್ನೆ ಎಂದುಕೊಂಡರೆ ಹಿಂದಿನ ಸ್ಪೀಕರ್‌ಗಳು ನಿಮ್ಮ ಎರಡೂ ಬದಿಗೆ 110 ಡಿಗ್ರಿ ಆಸುಪಾಸು ಇರಬೇಕು. ಅಂದರೆ ಕಿವಿಯ ನೇರದಿಂದ ತುಸು ಹಿಂದಕ್ಕೆ. ಹಿಂದಿನ ಗೋಡೆಯ ಎರಡು ಮೂಲೆಗೆ ತಳ್ಳಬೇಕೆಂದಿಲ್ಲ. ಸೋಫಾವನ್ನು ಗೋಡೆಯಿಂದ ಸರಿಸಲು ಸಾಧ್ಯವೇ ಇಲ್ಲದಿದ್ದರೆ 90 ಡಿಗ್ರಿಗೆ, ಎರಡು ಪಕ್ಕಕ್ಕೆ ಇಡಿ, ಆಗಲೂ ಚೆನ್ನಾಗಿರುತ್ತದೆ. ಎತ್ತರ ಕೂತವರ ಕಿವಿಗಿಂತ ಒಂದಡಿ ಮೇಲೆ ಇದ್ದರೆ ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರುವುದಿಲ್ಲ. ನಿಮ್ಮ ಬಲಗಡೆ ಗೋಡೆ ಇಲ್ಲವಾದ್ದರಿಂದ ಅಲ್ಲಿಗೆ ಒಂದು ಸ್ಟ್ಯಾಂಡ್ ಬೇಕು. ಎಡಕ್ಕೂ ಅದೇ ಸ್ಟ್ಯಾಂಡ್ ಇಡಿ, ಎರಡೂ ಒಂದೇ ಎತ್ತರದಲ್ಲಿರಲಿ.

ಜೋಡಿಸಿದ ಮೇಲೆ ಹಾಗೆಯೇ ಬಿಡಬಾರದು. ಫ್ಯಾಕ್ಟರಿಯಿಂದ ಬಂದ ಹೊಂದಿಕೆಯಲ್ಲಿ ಹಿಂದಿನ ಸದ್ದು ಹೆಚ್ಚಾಗಿ ತಗ್ಗಾಗಿಯೇ ಇರುತ್ತದೆ. ಬಾರ್‌ನಲ್ಲಿ ತಾನಾಗಿ ಕೋಣೆ ಅಳೆಯುವ ಸೌಲಭ್ಯ ಇದ್ದರೆ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ಅದನ್ನು ಓಡಿಸಿ. ಇಲ್ಲದಿದ್ದರೆ ಟೆಸ್ಟ್ ಟೋನ್ ಹಾಕಿ, ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಫೋನ್ ಹಿಡಿದು ಡೆಸಿಬಲ್ ಆ್ಯಪ್‌ನಲ್ಲಿ ಒಂದೊಂದೇ ಸ್ಪೀಕರ್ ಅಳೆಯಿರಿ. ಫೋನಿನ ಅಂಕೆ ಕರಾರುವಾಕ್ಕಾಗಿ ಇರಲಿಕ್ಕಿಲ್ಲ, ಆದರೆ ಒಂದಕ್ಕೊಂದು ಹೋಲಿಸಲು ಧಾರಾಳ ಸಾಕು. ಮುಂದಿನದಕ್ಕೂ ಹಿಂದಿನದಕ್ಕೂ ಅಂಕೆ ಸಮನಾಗುವವರೆಗೆ ರಿಯರ್ ಲೆವೆಲ್ ಏರಿಸಿ. ಎಲೆ ಅಲುಗಾಟ, ದೂರದ ಹಕ್ಕಿ, ಗುಂಪಿನ ಗುಜುಗುಜು ಇವೆಲ್ಲ ಹಿಂದಿನ ಚಾನೆಲ್‌ನಲ್ಲಿ ಮೆಲ್ಲಗೆ ಬರುವಂಥವು. ನಮ್ಮ ಕರಾವಳಿಯ ಸೆಕೆಯಲ್ಲಿ ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಅದರ ಸದ್ದು ಮೊದಲು ನುಂಗುವುದು ಇವನ್ನೇ. ಹಾಗಾಗಿ ಅಳತೆಯ ನಂತರ ಹಿಂದಿನದನ್ನು ಇನ್ನೊಂದು ಗೆರೆ ಏರಿಸಿದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಬ್‌ವೂಫರ್ ಎಲ್ಲಿಟ್ಟರೂ ದಿಕ್ಕು ಗೊತ್ತಾಗುವುದಿಲ್ಲ, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳ ಗುಣವೇ ಹಾಗೆ. ಮೂಲೆಗೆ ಇಟ್ಟರೆ ಗುಡುಗು ಹೆಚ್ಚುತ್ತದೆ, ಮಾತು ಮಸುಕಾಗುತ್ತದೆ. ಟಿವಿ ಯೂನಿಟ್‌ನ ಪಕ್ಕ, ಮೂಲೆಯಿಂದ ಎರಡಡಿ ಈಚೆಗೆ ಇಟ್ಟು ಕೇಳಿ. ವಿಟ್ರಿಫೈಡ್ ಟೈಲ್ಸ್‌ನ ನೆಲ ಬರಿದಾಗಿದ್ದರೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟಣಟಣ ಎಂದು ಮರುದನಿ ಬಂದರೆ ಸೋಫಾದ ಮುಂದೆ ದಪ್ಪ ಜಮಖಾನ ಹಾಸಿ.

ಕಾರ್ಕಳದ ಮನೆಯ ವಿಷಯ ಬೇರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಜಿಲ್ಲೆಗಳ ತುಂಬ ಹರಡಿದ ಈ ಇಳಿಜಾರು ಮಾಡು ಸೆಕೆಗೂ ಮಳೆಗೂ ಹೇಳಿ ಮಾಡಿಸಿದ್ದು, ಮೇಲ್ಮುಖದ ಸ್ಪೀಕರ್‌ಗಳಿಗೆ ಮಾತ್ರ ಅಲ್ಲ. ಓರೆಯಾದ ಹಂಚಿಗೆ ತಾಗಿದ ಸದ್ದು ನಿಮ್ಮತ್ತ ಇಳಿಯದೆ ಇನ್ನೆಲ್ಲಿಗೋ ಹೋಗುತ್ತದೆ, ಹಂಚನ್ನು ಹೊತ್ತ ಮರದ ಪಕ್ಕಾಸು, ರೀಪುಗಳ ನಡುವೆ ಚೂರಾಗುತ್ತದೆ, ಹಂಚಿನ ಸಂದಿಯಲ್ಲಿ ಹೊರಗೂ ಜಾರುತ್ತದೆ. ಚಾವಡಿಗೆ ಮರದ ಮುಚ್ಚಿಗೆ (ಹಲಗೆಯ ಸೀಲಿಂಗ್) ಇದ್ದರೆ ಸ್ವಲ್ಪ ವಾಸಿ, ಆದರೆ ಅದರ ತೊಲೆಗಳು ಕೆಳಗೆ ಇಳಿದಿರುವುದರಿಂದ ಪೂರ್ತಿ ಸಮತಟ್ಟು ಅನ್ನಲಾಗದು. ಆ ಮನೆಯಲ್ಲಿ ಎತ್ತರದ ಆಸೆ ಬಿಟ್ಟು ಸಾದಾ 5.1 ಮಾಡಿ. ಹಿಂದಿನ ಸ್ಪೀಕರ್‌ಗಳಿಗೆ ವೈರ್ ಎಳೆಯುವುದು ಅಲ್ಲಿ ತಾರಸಿ ಮನೆಗಿಂತ ಸುಲಭ. ಪಕ್ಕಾಸಿನ ಗುಂಟ 16 ಗೇಜಿನ ಸ್ಪೀಕರ್ ವೈರ್ ಕೊಂಡೊಯ್ದರೆ ಗೋಡೆ ಒಡೆಯುವ ಕೆಲಸವೇ ಇಲ್ಲ. ಕರೆಂಟಿನ ವೈರ್‌ನಿಂದ ಅದನ್ನು ದೂರ ಇಡಲು ಹೇಳಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹಂಚಿನ ಮೇಲೆ ಬೀಳುವಾಗ ಹಿಂದಿನ ಮೆಲುಸದ್ದು ಕೇಳಿಸುವುದಿಲ್ಲ. ಅದಕ್ಕೆಂದು ವಾಲ್ಯೂಮ್ ಏರಿಸುತ್ತ ಹೋಗುವ ಬದಲು ಬಾರ್‌ನ ನೈಟ್ ಮೋಡ್ ಹಾಕಿ. ಮೆಲ್ಲಗಿನ ಮತ್ತು ಜೋರಿನ ಸದ್ದಿನ ಅಂತರ ಅದರಲ್ಲಿ ಕಡಿಮೆಯಾಗಿ ಮಾತು ಹಿಡಿತಕ್ಕೆ ಸಿಗುತ್ತದೆ.

ಎರಡೂ ಮನೆಗೆ ಸೇರಿದ ಒಂದು ಎಚ್ಚರಿಕೆ. ಟಿವಿ, ಬಾರ್, ಡಿಶ್‌ನ ಬಾಕ್ಸ್ ಎಲ್ಲ ಎಚ್‌ಡಿಎಂಐಯಿಂದ ಒಂದಕ್ಕೊಂದು ತಾಗಿಕೊಂಡಿರುವುದರಿಂದ ತಾರಸಿಯ ಮೇಲಿನ ಡಿಶ್ ಕೇಬಲ್‌ನಲ್ಲಿ ಇಳಿದ ಸಿಡಿಲಿನ ಹೊಡೆತ ಮೂರನ್ನೂ ಮುಟ್ಟಬಲ್ಲದು. ಪ್ಲಗ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಆ ದಾರಿ ತೆರೆದೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಮತ್ತು ಅಕ್ಟೋಬರ್ ನಂತರದ ಗುಡುಗಿನ ಸಂಜೆಗಳಲ್ಲಿ, ಗುಡುಗು ಹತ್ತಿರಕ್ಕೆ ಬರುವ ಮೊದಲೇ ಎಲ್ಲ ಪ್ಲಗ್‌ಗಳನ್ನೂ ಕಿತ್ತಿಡಿ. ಬಾಕ್ಸ್‌ನ ಹಿಂದಿನ ಡಿಶ್ ಕೇಬಲನ್ನು ತಿರುಚಿ ಬಿಡಿಸಿಡಿ, ಇಂಟರ್ನೆಟ್‌ನ ವೈರ್ ಟಿವಿಗೆ ಹಾಕಿದ್ದರೆ ಅದನ್ನೂ ತೆಗೆಯಿರಿ. ಹಿಂದಿನ ಸ್ಪೀಕರ್‌ಗಳಿಗೆ ಹೊಸ ಪ್ಲಗ್ ಪಾಯಿಂಟ್ ಹಾಕಿಸುವಾಗ ಎಲೆಕ್ಟ್ರಿಷಿಯನ್‌ರ ಹತ್ತಿರ ಮನೆಯ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿಕೊಳ್ಳಿ.